ಬೆಂಕಿ ಬಿಟ್ಟೇಳದ ಬೀಗರು

“ಒಳಗೆ ನಡೀರಿ, ಇನ್ನೂ ಜಾಗ ಐತೆ, ಒಳಗೆ ನಡೀರಿ.”

ದಾವಣಗೆರೆಯಿಂದ ಹರಿಹರದ ಮೇಲೆ ನಂದಿಗುಡಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಗಿಡ್ಡಪ್ಪನವರು ಈ ಮಾತನ್ನು ಎಷ್ಟು ವರ್ಷ ಹೇಳಿದ್ದರೆಂದರೆ, ನಿವೃತ್ತರಾದ ಮೇಲೂ ಅದು ಬಾಯಿಂದ ಇಳಿದಿರಲಿಲ್ಲ. ದಾವಣಗೆರೆ ಸರಸ್ವತಿ ನಗರದ ಅವರ ಮನೆ ಬಾಗಿಲಿಗೆ ಬಂದ ಹಾಲಿನವನು ಒಮ್ಮೆ ಈ ಮಾತು ಕೇಳಿ ಕ್ಯಾನಿನ ಸಮೇತ ಅಡುಗೆಮನೆವರೆಗೆ ನಡೆದು ಹೋಗಿದ್ದನು. ಮೆಟ್ಟಿಲಲ್ಲಿ ಜೋತುಬಿದ್ದವರು, ಕೋಳಿಬುಟ್ಟಿ ಹಿಡಿದವರು, ಜಗಳವಾಡಿ ಇಳಿದೇಬಿಡುತ್ತೇನೆ ಅಂದವರು, ಎಲ್ಲರನ್ನೂ ಒಳಗೆ ಸೇರಿಸಿದ ಮನುಷ್ಯ ಅವರು. ಅಂಥವರಿಗೆ ಸ್ವಂತ ಬೀಗರನ್ನು ಸ್ವಂತ ಗೇಟಿನಿಂದ ಒಳಗೆ ಕರೆದುಕೊಳ್ಳಲು ಆಗಲಿಲ್ಲ. ತಪ್ಪು ಯಾರದು ಅಂತ ಕೇಳಿದರೆ ಅವರ ಹೆಂಡತಿ ಕಾಟಮ್ಮ ಇವತ್ತಿಗೂ ಮೊಬೈಲಿನ ಕಡೆ ಕೈ ತೋರಿಸುತ್ತಾರೆ.

ಆ ಮೊಬೈಲಿನಲ್ಲಿ ಅಮೆರಿಕದ ಒಬ್ಬ ದಪ್ಪ ಮನುಷ್ಯ ಅಡ್ಡ ಮಲಗಿಸಿದ ಕಬ್ಬಿಣದ ಡ್ರಮ್ಮಿನ ಮುಂದೆ ಕುರ್ಚಿ ಹಾಕಿಕೊಂಡು ದಿನವಿಡೀ ಕೂತಿರುತ್ತಿದ್ದ. ಡ್ರಮ್ಮಿನ ಒಂದು ಪಕ್ಕಕ್ಕೆ ಅಂಟಿಕೊಂಡಂತೆ ಸಣ್ಣದೊಂದು ಬೆಂಕಿಗೂಡು, ಇನ್ನೊಂದು ಪಕ್ಕಕ್ಕೆ ಚಿಮಣಿ. ಕಟ್ಟಿಗೆ ಉರಿಯುವುದು ಗೂಡಿನಲ್ಲಿ, ಮಾಂಸ ಇರುವುದು ಡ್ರಮ್ಮಿನಲ್ಲಿ. ಬಿಸಿಯೂ ಹೊಗೆಯೂ ಗೂಡಿನಿಂದ ಹೊರಟು ಮಾಂಸವನ್ನು ಸವರಿಕೊಂಡು ಚಿಮಣಿಯಿಂದ ಆಚೆ ಹೋಗುತ್ತವೆ. ಮುಂಜಾನೆ ಇಟ್ಟರೆ ಇಳಿಹೊತ್ತಿಗೆ ಮೂಳೆ ತಾನಾಗಿ ಕಳಚಿಕೊಳ್ಳುತ್ತದಂತೆ.

ನಿಜ ಹೇಳಬೇಕೆಂದರೆ ಗಿಡ್ಡಪ್ಪನವರಿಗೆ ಹಿಡಿಸಿದ್ದು ಆ ಕುರ್ಚಿ. ನಿಂತೇ ನೌಕರಿ ಮುಗಿಸಿದವರಿಗೆ, ಕೂತುಕೊಂಡೇ ಮಾಡುವ ಕೆಲಸವೊಂದು ಲೋಕದಲ್ಲಿದೆ ಎಂದು ಗೊತ್ತಾದದ್ದು ಆಗಲೇ. ಅಮೆರಿಕದವರು ಅದಕ್ಕೆ ಬಳಸುವ ಕಟ್ಟಿಗೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಎಂದು ತಿಳಿದ ಮೇಲಂತೂ ಅವರನ್ನು ಹಿಡಿಯುವವರಿಲ್ಲ. “ಅಲ್ಲಿ ಅದನ್ನ ಚೀಲದಾಗೆ ತುಂಬಿ ಮಾರ್ತಾರಂತೆ ಕಣೆ. ನಮ್ಮ ಲೋಕಿಕೆರೆ ಏರಿ ಮ್ಯಾಲೆ ಅದು ದನ ಅಡ್ಡಾಡಕ್ಕೂ ಜಾಗ ಬಿಟ್ಟಿಲ್ಲ,” ಎಂದು ಹೆಂಡತಿಗೆ ಹೇಳಿ, ಮರುದಿನವೇ ಹರಿಹರಕ್ಕೆ ಹೋದರು.

ಹರಿಹರದ ಮಕ್ತುಮ್ ಸಾಬ್ ವೆಲ್ಡಿಂಗ್ ಅಂಗಡಿಯಲ್ಲಿ ಮೊಬೈಲಿನ ಚಿತ್ರ ನೋಡಿ ತಲೆ ಕೆರೆದುಕೊಂಡರು.

“ಇದು ಮಂಡಕ್ಕಿ ಭಟ್ಟಿನಾ?”

“ಅಲ್ಲ ಸಾಬ್ರೆ.”

“ಸ್ನಾನದ ನೀರು ಕಾಯ್ಸದಾ?”

“ಮಟನ್ನು.”

ಮಕ್ತುಮ್ ಸಾಬ್ ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿದರು. “ಬೆಂಕಿ ಇಲ್ಲೈತೆ, ಮಟನ್ ಅಲ್ಲೈತೆ. ಯಾಕ, ಎರಡಕ್ಕೂ ಮಾತಿಲ್ಲೇನು?”

ಏನಾದರಾಗಲಿ, ಮಾಡಿಕೊಟ್ಟರು. ಕರಿ ಬಣ್ಣ ಬಳಿಸಿಕೊಂಡು ಗೂಡ್ಸ್ ಆಟೋದಲ್ಲಿ ಅದು ಸರಸ್ವತಿ ನಗರಕ್ಕೆ ಬಂದಾಗ ಬೀದಿಯವರೆಲ್ಲ ಹೊರಗೆ ನಿಂತು ನೋಡಿದರು. ಪಕ್ಕದ ಮನೆಯ ಪಂಚಾಕ್ಷರಪ್ಪನವರು ಮೆಕ್ಕೆಜೋಳದ ದಲ್ಲಾಳಿ, ಹಣೆ ತುಂಬ ವಿಭೂತಿ, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನುಷ್ಯ. ಅವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದರು: “ಏನ್ರಿ ಗಿಡ್ಡಪ್ಪ, ರೈಲು ಇಂಜಿನ್ ತರ್ಸೀರಿ. ಬೋಗಿ ಹಿಂದಿಂದ ಬರ್ತಾವೇನು?”

ಅಂದಿನಿಂದ ಬೀದಿಯಲ್ಲಿ ಅದರ ಹೆಸರು ರೈಲು.

ರೈಲನ್ನು ಓಡಿಸುವುದು ಬಸ್ಸಿನಷ್ಟು ಸುಲಭವಿರಲಿಲ್ಲ. ಮೊದಲ ಸಲ ಗಿಡ್ಡಪ್ಪನವರು ಗೂಡಿನ ತುಂಬ ಜಾಲಿ ತುರುಕಿ ಬಾಗಿಲು ಹಾಕಿದರು. ಬಿಳಿ ಹೊಗೆ ಮೋಡದಂತೆ ಎದ್ದಿತು, ಮಾಂಸ ಕಷಾಯದಂತೆ ಕಹಿಯಾಯಿತು, ಬೀದಿ ನಾಯಿ ಮೂಸಿ ನೋಡಿ ಹಿಂದಕ್ಕೆ ಹೋಯಿತು. ಸುಟ್ಟುಕೊಂಡು ಸುಟ್ಟುಕೊಂಡು ಕಲಿತರು. ಬೆಂಕಿ ಸಣ್ಣದಿರಬೇಕು, ಆದರೆ ಉರಿಯುತ್ತಿರಬೇಕು. ಕಟ್ಟಿಗೆಯನ್ನು ಗೂಡಿನ ತಲೆಯ ಮೇಲಿಟ್ಟು ಬಿಸಿ ಮಾಡಿ, ಒಂದು ಉರಿದು ಕೆಂಡವಾಗುವ ಹೊತ್ತಿಗೆ ಇನ್ನೊಂದನ್ನು ಒಳಗಿಡಬೇಕು. ಚಿಮಣಿಯಿಂದ ಬರುವ ಹೊಗೆ ಕಂಡೂ ಕಾಣದಂತೆ ತೆಳ್ಳಗೆ, ನೀಲಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಡ್ರಮ್ಮಿನ ಮುಚ್ಚಳ ತೆಗೆಯಬಾರದು. ತೆಗೆದರೆ ಕೂಡಿಟ್ಟ ಬಿಸಿಯೆಲ್ಲ ಹಾರಿಹೋಗಿ ಮತ್ತೆ ಮೊದಲಿನಿಂದ ಶುರು.

ಇಷ್ಟನ್ನು ಅವರು ಕಲಿತರು. ಅವರ ನೆಂಟರು ಕಲಿಯಲಿಲ್ಲ. ನಮ್ಮ ಜನಕ್ಕೆ ಉರಿಯುವ ಒಲೆ ಕಂಡರೆ ಅದರ ಮುಂದೆ ಕೂತು ಕಟ್ಟಿಗೆ ಮುಂದಕ್ಕೆ ನೂಕದೆ ಮಾತಾಡಲು ಬರುವುದಿಲ್ಲ, ಅದು ಮರ್ಯಾದೆಯ ಒಂದು ಭಾಗ. ಮುಚ್ಚಿದ ಪಾತ್ರೆ ಕಂಡರಂತೂ ತೆಗೆದು ನೋಡಿ “ಬೆಂದಿಲ್ಲ” ಎಂದು ಹೇಳುವುದು ಪ್ರೀತಿಯ ಇನ್ನೊಂದು ಭಾಗ. ಕಾಟಮ್ಮ ಹಾದು ಹೋಗುವಾಗಲೊಮ್ಮೆ ನಾಲ್ಕು ಕಟ್ಟಿಗೆ ನೂಕುತ್ತಿದ್ದರು. ಅವರ ತಮ್ಮ ಸಿದ್ದೇಶ, ಅಕ್ಕನ ಮನೆಯಲ್ಲೇ ಹೆಚ್ಚಾಗಿ ಇರುವವನು, ಮುಚ್ಚಳ ತೆಗೆಯುವುದಕ್ಕೆಂದೇ ಹುಟ್ಟಿದ್ದ.

ಹೀಗಿರುವಾಗ ಬೀಗರೂಟ ಬಂತು.

ಮಗಳು ಸುಧಾಳನ್ನು ನಂದಿಗುಡಿಯ ಶಿವುಗೆ ಕೊಟ್ಟಿದ್ದರು. ಶಿವುವಿನ ತಂದೆ ಹಾಲಪ್ಪನವರು ಗದ್ದೆ ಮಾಡಿಸುವ ಕುಳ, ಬಿಳಿ ರುಮಾಲು, ಕಡಿಮೆ ಮಾತು. ಆ ಭಾನುವಾರ ಹಾಲಪ್ಪ, ಅವರ ಹೆಂಡತಿ ಕೆಂಚಮ್ಮ, ಮಗ, ಸೊಸೆ, ಒಂದು ವ್ಯಾನು ತುಂಬ ನೆಂಟರು ಊಟಕ್ಕೆ ಬರುವವರು. ಗಿಡ್ಡಪ್ಪ ಅಡುಗೆಯವರನ್ನು ಕರೆಸಲಿಲ್ಲ. “ನನ್ನ ಬೀಗ್ರಿಗೆ ನಾನೇ ಮಾಡ್ತೀನಿ,” ಎಂದು ಊರೆಲ್ಲ ಸಾರಿದ್ದರು.

“ಏನಾರ ಮಾಡ್ರಿ,” ಎಂದರು ಕಾಟಮ್ಮ. “ಆದ್ರೆ ವ್ಯಾನು ಬಂದ ತಕ್ಷಣ ತಂಬಿಗೆ ನೀರು ಹಿಡ್ಕಂಡು ಗೇಟಿಗೆ ಹೋಗೋದು ನೀವು. ಹೆಣ್ಣಿನ ಅಪ್ಪ ಕಾಲಿಗೆ ನೀರು ಕೊಡದೆ ಬೀಗ್ರು ಹೊಸ್ತಿಲು ದಾಟಲ್ಲ. ಮಗಳು ಬಾಳೋ ಮನೆ ಅದು.”

“ನಂಗೆ ಗೊತ್ತಿಲ್ಲೇನೆ?”

ಭಾನುವಾರ ಬೆಳಕು ಹರಿಯುವ ಮೊದಲೇ ಕುರಿಯ ತೊಡೆಗಳು ಡ್ರಮ್ಮಿನೊಳಗೆ ಸೇರಿದ್ದವು. ಗಿಡ್ಡಪ್ಪ ಕುರ್ಚಿ ಬಿಟ್ಟು ಏಳಲಿಲ್ಲ, ಚಹಾ ಕುಡಿಯಲಿಲ್ಲ. ನೀಲಿ ಹೊಗೆ ದಾರದಂತೆ ಏಳುತ್ತಿತ್ತು. ಊಟದ ಹೊತ್ತಿನವರೆಗೆ ಹೀಗೇ ನಡೆದಿದ್ದರೆ ಈ ಕಥೆಗೆ ಕೆಲಸವೇ ಇರುತ್ತಿರಲಿಲ್ಲ. ಬೀಗರು ಬರುವ ಹೊತ್ತು ಹತ್ತಿರವಾದಾಗ, ಗಿಡ್ಡಪ್ಪ ಕಟ್ಟಿಗೆ ತರಲು ಹಿತ್ತಲಿನ ಮೂಲೆಯ ರಾಶಿಯ ಕಡೆ ತಿರುಗಿದ್ದೇ ತಡ, ಸಿದ್ದೇಶ ಬಂದು ಮುಚ್ಚಳ ಎತ್ತಿದ.

“ಭಾವ, ಬೆಂದಿಲ್ಲ.”

ಬಿಸಿಯೆಲ್ಲ ಹೋಯಿತು. ಸಾಲದ್ದಕ್ಕೆ ಅವನು ತಪ್ಪು ತಿದ್ದಲು ಹಸಿ ಕಟ್ಟಿಗೆಯೊಂದನ್ನು ಗೂಡಿಗೆ ನೂಕಿದ. ಬಿಳಿ ಹೊಗೆ ಭುಸ್ಸೆಂದು ಎದ್ದಿತು. ಗಿಡ್ಡಪ್ಪ ಅವನನ್ನು ಆಚೆ ತಳ್ಳಿ, ಹಸಿ ಕಟ್ಟಿಗೆ ಎಳೆದು ಹಾಕಿ, ಕೆಂಡ ಊದಲು ಕೂತರು. ಅದೇ ಹೊತ್ತಿಗೆ ಗೇಟಿನಲ್ಲಿ ಹಾರನ್ ಕೇಳಿತು.

“ಒಂದೀಟು ಕೂಡ್ಸು ಅವ್ರನ್ನ,” ಎಂದರು ಗಿಡ್ಡಪ್ಪ ಸಿದ್ದೇಶನಿಗೆ. “ಈಗ ನಾನು ಎದ್ರೆ ಎಲ್ಲಾ ಕೆಡ್ತದೆ.”

ತಂಬಿಗೆ ಹಿಡಿದು ಕಾಟಮ್ಮನೇ ಹೋದರು. ವ್ಯಾನಿನ ಬಾಗಿಲಲ್ಲಿ ಕೂತಿದ್ದ ಕೆಂಚಮ್ಮ ನೀರನ್ನೂ ನೋಡಿದರು, ತಂದವರನ್ನೂ ನೋಡಿದರು.

“ಅಕ್ಕಾ, ನಿಮ್ಮ ಕೈ ನೀರು ನಮ್ಮ ತಲೆ ಮ್ಯಾಲೆ ಇರ್ಲಿ. ಅಣ್ಣಾರೆಲ್ಲಿ?”

“ಹಿತ್ತಲಾಗೆ ಕುಂತಾರೆ, ಬೆಂಕಿ ಮುಂದೆ.”

“ಆರಾಮಿಲ್ಲೇನು?”

“ಆರಾಮದಾರೆ.”

“ಮತ್ತೆ ಏಳಕ್ಕೇನು?”

ಈ ಪ್ರಶ್ನೆಗೆ ಉತ್ತರ ವ್ಯಾನಿನ ಒಳಗೆ ಕೂತಿದ್ದ ಹಾಲಪ್ಪನವರ ಹತ್ತಿರ ಇತ್ತು. ಅವರ ಮುಖ ಕಪ್ಪಾಯಿತು. ಮದುವೆಯ ದಿನ ಗಿಡ್ಡಪ್ಪ ಹರಿವಾಣದಲ್ಲಿ ಪಂಚೆ ತಂದು ಕೊಟ್ಟಾಗ ಹಾಲಪ್ಪ ಎದ್ದು ನಿಂತಿರಲಿಲ್ಲ. ಕಾಲು ಜೋಮು ಹಿಡಿದಿತ್ತು, ಎದ್ದರೆ ಹರಿವಾಣದ ಮೇಲೇ ಬೀಳುತ್ತಿದ್ದರು. ಹೇಳೋಣವೆಂದರೆ ಓಲಗದ ಸದ್ದು. ಅಂದಿನಿಂದ ಆ ಮಾತು ಅವರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಗಿಡ್ಡಪ್ಪನವರಿಗೆ ಅವರು ಏಳಲಿಲ್ಲವೆಂಬುದು ಗೊತ್ತೇ ಆಗಿರಲಿಲ್ಲ, ಆ ಮಾತು ಬೇರೆ.

“ಸೇಡು ತೀರಿಸ್ಕೊಳ್ಳಾಕತ್ತಾರೆ,” ಎಂದರು ಹಾಲಪ್ಪ ಮೆಲ್ಲಗೆ. ಸಿದ್ದೇಶನನ್ನು ಹತ್ತಿರ ಕರೆದು, “ನೋಡಪಾ, ನಂಗೆ ಕಾಲು ಜೋಮು ಹಿಡ್ದಿತ್ತು ಅಂತ ನಿಮ್ಮ ಭಾವಗೆ ಹೇಳು. ಅವ್ರಿಗೆ ತಿಳೀತದೆ.”

ಸಿದ್ದೇಶ ಓಡಿದ. “ಭಾವ, ಬೀಗ್ರಿಗೆ ಕಾಲು ಜೋಮಂತೆ.”

ಗಿಡ್ಡಪ್ಪ ಊದುಕೊಳವೆಯಿಂದ ಬಾಯಿ ತೆಗೆಯದೆ ಹೇಳಿದರು: “ವ್ಯಾನಿನಾಗೆ ಕುಂತು ಕುಂತು ಹಿಡ್ದಿರ್ತದೆ. ಕೆಳಗಿಳಿದು ರಸ್ತೆ ಮ್ಯಾಲೆ ಒಂದೀಟು ಅಡ್ಡಾಡಿದ್ರೆ ಬಿಡ್ತದೆ ಅಂತ ಹೇಳು.”

ಸಿದ್ದೇಶ ಹಿಂದಕ್ಕೆ ಓಡಿದ. “ರಸ್ತೆ ಮ್ಯಾಲೆ ಅಡ್ಡಾಡ್ರಿ ಅಂದ್ರು.”

ನಂದಿಗುಡಿಯ ಹಿರಿಯನೊಬ್ಬನನ್ನು ಬೀಗರ ಗೇಟಿನ ಮುಂದೆ ಅಡ್ಡಾಡಿಸುವುದು ಎಂದರೇನು. ಕೆಂಚಮ್ಮ ಸೆರಗು ಬಿಗಿ ಮಾಡಿಕೊಂಡರು. ಶಿವು ಮಾವನ ಕಡೆಗೂ ಮಾತಾಡಲಾರದೆ ಅಪ್ಪನ ಕಡೆಗೂ ಮಾತಾಡಲಾರದೆ ಕಿಟಕಿಯ ಗಾಜು ಒರೆಸತೊಡಗಿದ. ಬೀದಿಯವರು ಒಬ್ಬೊಬ್ಬರೇ ಗೇಟಿನ ಬಳಿ ಸೇರಿದರು. ಎದುರುಮನೆಯವರು ಚಹಾ ತಂದರು. ಒಳಗೆ ಕರೆಯದ ಮನೆಯ ಮುಂದೆ ಚಹಾ ಕುಡಿಯುವುದು ಹೇಗೆ ಎಂದು ಯಾರೂ ಮುಟ್ಟಲಿಲ್ಲ. ಯಾರ ಬೀಗನೂ ಅಲ್ಲದ ಡ್ರೈವರ್ ಮಾತ್ರ ಎಲ್ಲರ ಪಾಲಿನದನ್ನೂ ಕುಡಿದ.

ಹಿತ್ತಲಿನಲ್ಲಿ ಗಿಡ್ಡಪ್ಪನವರ ಮೊಬೈಲು ಹೊಡೆದುಕೊಂಡಿತು. ಸುಧಾ. ವ್ಯಾನಿನ ಹಿಂದಿನ ಸೀಟಿನಿಂದ ಪಿಸುಗುಟ್ಟುತ್ತಿದ್ದಳು.

“ಅಪ್ಪಾ, ಎದ್ದು ಬಾ.”

“ಬಂದೆ ತಾಯಿ, ಈ ಹೊಗೆ ಒಂದು ನೀಲಿ ಆಗ್ಲಿ...”

“ವ್ಯಾನು ತಿರುಗಿಸ್ರಿ ಅಂತಾರೆ ಮಾವ. ಇದು ವಾಪಸ್ ಹೋದ್ರೆ ಆ ಮನೆಯಾಗೆ ಸಾಯೋತನ ನನ್ನ ಏನಂತ ಕರೀತಾರೆ ಗೊತ್ತೇನು? ಬೆಂಕಿ ಬಿಟ್ಟೇಳದವನ ಮಗಳು ಅಂತ.”

ಗಿಡ್ಡಪ್ಪ ಎದ್ದರು. ಎದ್ದವರು ನಿಂತರು. ಮಗಳ ಮಾನ ಗೇಟಿನಲ್ಲಿ, ಅದೇ ಮಗಳ ಮಾನ ಈ ಡ್ರಮ್ಮಿನಲ್ಲೂ. ಕಹಿ ಮಾಂಸ ಬಡಿಸಿದರೆ ನಂದಿಗುಡಿಯವರು ಇನ್ನೊಂದು ಹೆಸರಿಡುತ್ತಾರೆ. ಬೆಂಕಿಯನ್ನು ಯಾರ ಕೈಗೆ ಕೊಡುವುದು? ಸಿದ್ದೇಶ ಮುಚ್ಚಳ ತೆಗೆಯುತ್ತಾನೆ. ಕಾಟಮ್ಮ ಕಟ್ಟಿಗೆ ತುರುಕುತ್ತಾರೆ. ಬೀದಿಯವರಂತೂ ಎರಡನ್ನೂ ಮಾಡುತ್ತಾರೆ.

“ಗಿಡ್ಡಪ್ಪ,” ಎಂದು ಕಾಂಪೌಂಡಿನ ಮೇಲಿಂದ ದನಿ ಬಂತು. ಪಂಚಾಕ್ಷರಪ್ಪನವರು, ಮೂಗಿಗೆ ಟವೆಲು. “ಈ ಹೊಗೆ ನಮ್ಮ ಪೂಜಾ ಮನೆಗೆ ಬಂದೈತೆ. ಊದಿನಕಡ್ಡಿ ಹಚ್ಚೋದು ಬ್ಯಾಡ ಅಂತಾರೆ ನಮ್ಮ ಮನೆಯವರು.”

ಗಿಡ್ಡಪ್ಪನವರಿಗೆ ಒಳ್ಳೆಯ ವಿಚಾರ ಹೊಳೆದದ್ದು ಜೀವನದಲ್ಲಿ ಬಹಳ ಸಲ ಇಲ್ಲ. ಇದೊಂದು.

“ಸಾವ್ಕಾರ್ರೆ, ಈ ಡ್ರಮ್ಮಿನ ಮುಚ್ಚಳ ತೆಗೆದು ನೋಡ್ತೀರೇನು?”

“ಶಿವಶಿವಾ. ಜೀವ ಹೋದ್ರೂ ತೆಗಿಯಲ್ಲ.”

“ಬ್ಯಾರೆಯವ್ರು ತೆಗೆದ್ರೆ?”

“ನನ್ನ ಕಣ್ಣ ಮುಂದೆ ತೆಗೆಯಕ್ಕೆ ಬಿಡ್ತೀನಾ?”

“ಬರ್ರಿ ಒಳಗೆ, ಕೂಡ್ರಿ ಈ ಕುರ್ಚಿ ಮ್ಯಾಲೆ.”

ಮಗಳ ವಿಷಯ ಎಂದ ಮೇಲೆ ಪಂಚಾಕ್ಷರಪ್ಪ ಇಲ್ಲ ಅನ್ನಲಿಲ್ಲ. ಅವರಿಗೂ ಹೆಣ್ಣುಮಕ್ಕಳಿದ್ದಾರೆ. ಕುರ್ಚಿಯನ್ನು ಡ್ರಮ್ಮಿಗೆ ಬೆನ್ನು ಮಾಡಿ, ಬೆಂಕಿಗೂಡಿಗೆ ಮಾತ್ರ ಮುಖ ಮಾಡಿ ಹಾಕಿಕೊಂಡು, ಟವೆಲು ಬಿಗಿದು ಕೂತರು. “ಬೆಂಕಿಗೆ ಯಾವ ದೋಷಾನೂ ಇಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು.

ಗೇಟಿಗೆ ಹೊರಟ ಗಿಡ್ಡಪ್ಪನವರನ್ನು ಕಾಟಮ್ಮ ನಡುಮನೆಯಲ್ಲಿ ತಡೆದರು. “ಈ ಮಸಿ ಮೋರೆ ಹೊತ್ಕಂಡು ಬೀಗ್ರ ಮುಂದೆ ಹೋಗ್ತೀರಾ? ಮುಖ ತೊಳೀರಿ, ಅಂಗಿ ಬದಲಿಸ್ರಿ.”

ಅವರು ಮುಖ ತೊಳೆಯುತ್ತಿದ್ದಷ್ಟು ಹೊತ್ತಿನಲ್ಲಿ ಹಾಲಪ್ಪನವರ ತಾಳ್ಮೆ ಮುಗಿಯಿತು. ವ್ಯಾನಿನ ಆ ಕಡೆಯ ಬಾಗಿಲಿಂದ ಯಾರಿಗೂ ಹೇಳದೆ ಇಳಿದು, ಮನೆಗಳ ಹಿಂದಿನ ಸಂದಿ ಹಿಡಿದು, ಎದುರಿಗೇ ಕೇಳಿಬಿಡೋಣವೆಂದು ಹಿತ್ತಲಿಗೆ ನಡೆದರು. ಅಲ್ಲಿ ಕುರ್ಚಿಯ ಮೇಲೆ ಬೀಗರಿಗೆ ಬದಲು, ಹಣೆ ತುಂಬ ವಿಭೂತಿ ಧರಿಸಿ, ಬಾಯಿ ಮೂಗು ಕಟ್ಟಿಕೊಂಡ ದೊಡ್ಡ ಮನುಷ್ಯರೊಬ್ಬರು ಕಟ್ಟಿಗೆ ಹಿಡಿದು ಕೂತಿದ್ದರು.

“ತಾವು ಅಡಿಗೆಯವ್ರಾ?”

“ಪಕ್ಕದ ಮನೆಯವ್ನು. ಬೆಂಕಿ ನಂದು, ಒಳಗಿಂದು ನಂದಲ್ಲ.”

“ಒಳಗೇನೈತೆ?”

“ಅದರ ಹೆಸ್ರು ನಾನು ಹೇಳಂಗಿಲ್ಲ.”

ಹಾಲಪ್ಪ ಆ ಹಣೆಯ ವಿಭೂತಿಯ ಕಡೆ ನೋಡಿದರು. “ಬೀಗರೂಟಕ್ಕೆ ಬದ್ನೇಕಾಯಿ ಸುಡಾಕತ್ತಾರೇನು?”

“ಬದ್ನೇಕಾಯಿ ಆಗಿದ್ರೆ ನಾನ್ಯಾಕ ಮೂಗು ಕಟ್ಕೋತಿದ್ದೆ?”

ಇದು ಹಾಲಪ್ಪನವರಿಗೆ ನ್ಯಾಯವಾಗಿ ಕಂಡಿತು. ಆದರೂ ಕೈ ಮುಚ್ಚಳದ ಕಡೆ ಹೋಯಿತು. ಪಂಚಾಕ್ಷರಪ್ಪ ಕಟ್ಟಿಗೆ ಅಡ್ಡ ಹಿಡಿದರು. “ತೆಗಿಯಂಗಿಲ್ಲ. ಮಾತು ಕೊಟ್ಟೀನಿ. ಹೊತ್ತು ಹುಟ್ಟೋಕೆ ಮುಂಚಿಂದ ಆ ಮನುಷ್ಯ ಇಲ್ಲಿಂದ ಎದ್ದಿಲ್ಲ, ಚಹಾ ಕೂಡ ಕುಡ್ದಿಲ್ಲ. ಯಾರಿಗಪಾ ಇಷ್ಟು ಅಂತ ಕೇಳಿದ್ರೆ, ನಮ್ಮ ಬೀಗ್ರಿಗೆ ಅಂದ್ರು. ಅಂಥಾ ಬೀಗ್ರು ಎಲ್ಲಾರ ಇದ್ರೆ ನಾನೂ ನೋಡ್ಬೇಕು.”

ಹಾಲಪ್ಪ ರುಮಾಲು ತೆಗೆದು ತಲೆ ಒರೆಸಿಕೊಂಡರು, ಮತ್ತೆ ಸುತ್ತಿಕೊಂಡರು. ಸೇಡು ತೀರಿಸಿಕೊಳ್ಳುವವನು ತಾನು ಉಪವಾಸ ಕೂರುವುದಿಲ್ಲ ಎಂಬುದು ನಿಧಾನವಾಗಿ ತಲೆಗೆ ಹೋಗುತ್ತಿತ್ತು.

“ಅಯ್ಯೋ, ಬಿಳಿ ಬಂತು,” ಎಂದು ಪಂಚಾಕ್ಷರಪ್ಪ ಚಿಮಣಿ ನೋಡಿ ಗಾಬರಿಯಾದರು. “ನೀಲಿ ಇರ್ಬೇಕು ಅಂದಿದ್ರು.”

“ಸರೀರಿ ಆಚೆ,” ಎಂದು ಹಾಲಪ್ಪ ಅಂಗಿತೋಳು ಮೇಲೇರಿಸಿದರು.

ಇತ್ತ ಗಿಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು, ತಂಬಿಗೆ ಹಿಡಿದು, ನಗುಮುಖ ಮಾಡಿಕೊಂಡು ವ್ಯಾನಿನ ಮುಂದೆ ಬಗ್ಗಿದರು. ಬೀಗರ ಸೀಟು ಖಾಲಿ.

“ಎಲ್ಲಿ ಬೀಗ್ರು?”

ಕೆಂಚಮ್ಮ ತಿರುಗಿ ನೋಡಿ ಎದೆ ಹಿಡಿದುಕೊಂಡರು. ಯಾರಿಗೂ ಗೊತ್ತಿಲ್ಲ. ಗುಂಪಿನಲ್ಲಿ ಯಾರೋ, “ಬಿಳಿ ರುಮಾಲಿನವ್ರು ಸರ್ಕಲ್ ಕಡೆ ಹೊಂಟಿದ್ರಪ್ಪ, ಹರಿಹರದ ಬಸ್ಸು ಬಂತಲ್ಲ ಈಗ,” ಎಂದರು. ಬಿಳಿ ರುಮಾಲಿನವರು ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೇನು ಎಂದು ಕೇಳುವಷ್ಟು ಸಮಾಧಾನ ಯಾರಿಗಿದೆ. ಗಿಡ್ಡಪ್ಪ ತಂಬಿಗೆ ಹಿಡಿದುಕೊಂಡೇ ಓಡಿದರು. ಹೊರಟಿದ್ದ ಬಸ್ಸಿಗೆ ಬಾಯಲ್ಲೇ ಸೀಟಿ ಊದಿದರು. ಎಷ್ಟು ವರ್ಷದ ಸೀಟಿ, ಬಸ್ಸು ತಾನಾಗಿ ನಿಂತಿತು. ಬಾಗಿಲಲ್ಲಿ ಅವರ ಹಳೇ ಜೊತೆಗಾರ ರೌಫ್, ಈಗ ಅದೇ ಮಾರ್ಗದ ಕಂಡಕ್ಟರ್.

“ಗಿಡ್ಡಪ್ಪಣ್ಣ, ಎಲ್ಲಿಗೆ?”

“ಬೀಗ್ರಿಗೆ ಕಾಲಿಗೆ ನೀರು ಕೊಡ್ಬೇಕಿತ್ತು.”

“ಬಸ್ಸಿನಾಗೆ?”

ಸೀಟು ಸೀಟಿಗೂ ಬಗ್ಗಿ ನೋಡುತ್ತ, ಅಭ್ಯಾಸಬಲದಿಂದ “ಒಳಗೆ ನಡೀರಿ, ಒಳಗೆ ನಡೀರಿ” ಎಂದು ನಿಂತವರನ್ನೆಲ್ಲ ಸರಿಸುತ್ತ ಅವರು ಕೊನೆಯವರೆಗೆ ಹೋದರು. ಹಿಂದಿನ ಸೀಟಿನ ಬಿಳಿ ರುಮಾಲಿನವರು ಬೆಳ್ಳೂಡಿಯ ಯಾರೋ. ಪಾಪ, ಅವರು ತಂಬಿಗೆ ತೆಗೆದುಕೊಂಡು ಎರಡು ಗುಟುಕು ನೀರು ಕುಡಿದು, ಪುಣ್ಯ ಬರಲಿ ಎಂದರು.

ಅರ್ಧ ತಂಬಿಗೆ ನೀರು, ಒದ್ದೆ ಅಂಗಿ. ಗಿಡ್ಡಪ್ಪ ವ್ಯಾನಿನ ಮುಂದೆ ಹಾಯುವ ಧೈರ್ಯವಿಲ್ಲದೆ ಸಂದಿಯಿಂದ ಹಿತ್ತಲಿಗೆ ಬಂದರು. ಮಗಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಹೊಂದಿಸುತ್ತ ತಲೆ ಎತ್ತಿದರೆ, ಚಿಮಣಿಯಿಂದ ನೀಲಿ ದಾರ. ಕುರ್ಚಿಯಲ್ಲಿ ಹಾಲಪ್ಪ. ಪಕ್ಕದ ಕಲ್ಲಿನ ಮೇಲೆ ಪಂಚಾಕ್ಷರಪ್ಪ, ಕಟ್ಟಿಗೆ ಎತ್ತಿಕೊಡುತ್ತ.

“ಸಣ್ಣದು ಕೊಡ್ರಿ ಸಾವ್ಕಾರ್ರೆ. ಅದಲ್ಲ, ಬಿಸಿ ಆಗಿರೋದು.”

“ಬೀಗ್ರೆ,” ಎಂದರು ಗಿಡ್ಡಪ್ಪ. ತಂಬಿಗೆ ಮುಂದಕ್ಕೆ ಚಾಚಿದರು. “ಕಾಲಿಗೆ ನೀರು. ಗೇಟಿಗೆ ಬರ್ರಿ, ಕೊಡ್ತೀನಿ.”

ಹಾಲಪ್ಪ ಗೂಡಿನಿಂದ ಕಣ್ಣು ತೆಗೆಯಲಿಲ್ಲ.

“ಆಮ್ಯಾಲೆ. ಈಗ ನಾನು ಎದ್ರೆ ಎಲ್ಲಾ ಕೆಡ್ತದೆ.”

ಗಿಡ್ಡಪ್ಪ ಅಲ್ಲೇ ಕೂತು, ಕುರ್ಚಿಯ ಮೇಲಿದ್ದ ಬೀಗರ ಕಾಲಿಗೆ ಉಳಿದಷ್ಟು ನೀರು ಹಾಕಿದರು. ಯಜಮಾನರೇ ಒಳಗಿದ್ದ ಮೇಲೆ ವ್ಯಾನಿನವರು ಹೊರಗೆ ಯಾಕೆ? ಸುಧಾ ಮೊದಲು ಇಳಿದು ಓಡಿ ಬಂದಳು. ಅಪ್ಪನನ್ನೂ ಮಾವನನ್ನೂ ಹೊಗೆಯಲ್ಲಿ ಒಟ್ಟಿಗೆ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಊಟವಾದದ್ದು ಸಂಜೆಗೆ. ಅಲ್ಲಿಯವರೆಗೆ ಬೀಗರನ್ನು ಮಂಡಕ್ಕಿ, ಮಿರ್ಚಿ ಕಾಪಾಡಿದವು. ಕೊನೆಗೆ ಗಿಡ್ಡಪ್ಪ ಮುಚ್ಚಳ ಎತ್ತಿದಾಗ, ಪಂಚಾಕ್ಷರಪ್ಪ ಮಾತಿನಂತೆ ಮುಖ ತಿರುಗಿಸಿಕೊಂಡು, “ಚಲೋ ಬಂದೈತೇನ್ರಿ?” ಎಂದು ಕೇಳಿ ಮನೆಗೆ ಸ್ನಾನಕ್ಕೆ ಹೋದರು. ಮೂಳೆ ತಾನಾಗಿ ಕಳಚಿತು. ಹಾಲಪ್ಪ ಒಂದು ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಕೆಂಚಮ್ಮ ಒಂದು ಚೂರು ತಿಂದರು.

“ಮೆತ್ತಗಾಗೈತೆ ಅಣ್ಣಾ. ಭಾಳ ರುಚಿ ಐತೆ,” ಎಂದರು. “ಸಾರೆಲ್ಲಿ?”

ಗಿಡ್ಡಪ್ಪ ಬಾಯಿ ತೆರೆಯುವಷ್ಟರಲ್ಲಿ ಕಾಟಮ್ಮ ಅಡುಗೆಮನೆಯಿಂದ ಕುದಿಯುವ ಮಸಾಲೆಯ ದೊಡ್ಡ ಪಾತ್ರೆ ತಂದಿಟ್ಟರು. ಈ ಗಂಡನ ಜೊತೆ ಇಷ್ಟು ವರ್ಷ ಬಾಳಿದವರಲ್ಲವೇ, ಬೆಳಗ್ಗೆಯೇ ಇಟ್ಟಿದ್ದರು. ದಿನವಿಡೀ ನೀಲಿ ಹೊಗೆ ಕುಡಿದ ತೊಡೆಗಳೆಲ್ಲ ಗಿಡ್ಡಪ್ಪನವರ ಕಣ್ಣೆದುರೇ ಬುಳುಬುಳು ಎಂದು ಸಾರಿನಲ್ಲಿ ಮುಳುಗಿದವು. ಎಲ್ಲರೂ ಮುದ್ದೆ ಮುರಿದರು. ಅಂಥ ಸಾರು ನಂದಿಗುಡಿಯವರು ಉಂಡಿರಲಿಲ್ಲ ಎಂಬುದು ಮಾತ್ರ ನಿಜ.

ಮುಂದಿನ ತಿಂಗಳು ಗಂಡಿನ ಕಡೆಯ ಊಟ. ಗಿಡ್ಡಪ್ಪ, ಕಾಟಮ್ಮ, ಸಿದ್ದೇಶ ರೌಫನ ಬಸ್ಸಿನಲ್ಲೇ ನಂದಿಗುಡಿಗೆ ಇಳಿದರು. ಗದ್ದೆಯ ಬದುವಿನಿಂದಲೇ ಹಾಲಪ್ಪನವರ ಮನೆಯ ಹಿಂದೆ ತೆಳ್ಳಗೆ ನೀಲಿ ಹೊಗೆ ಏಳುತ್ತಿರುವುದು ಕಂಡಿತು. ಮಕ್ತುಮ್ ಸಾಬ್ ಎರಡನೆಯದನ್ನು ಮೊದಲನೆಯದಕ್ಕಿಂತ ದೊಡ್ಡದಾಗಿ ಮಾಡಿಕೊಟ್ಟಿದ್ದರಂತೆ.

ಗೇಟಿನಲ್ಲಿ ಕೆಂಚಮ್ಮ ತಂಬಿಗೆ ಹಿಡಿದು ನಿಂತಿದ್ದರು. “ಬರ್ರಿ ಅಣ್ಣಾ, ಬರ್ರಿ ಅಕ್ಕಾ. ಅವ್ರು ಹಿತ್ತಲಾಗೆ ಕುಂತಾರೆ, ಏಳಂಗಿಲ್ಲಂತೆ.”

ಗಿಡ್ಡಪ್ಪನವರ ಎತ್ತಿದ ಕಾಲು ಅಲ್ಲೇ ನಿಂತಿತು. ಬೆಂಕಿ ಎಂದರೇನು, ಬಿಟ್ಟು ಏಳುವುದು ಎಷ್ಟು ಕಷ್ಟ, ಲೋಕದಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಅವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತರು.

“ಬೀಗ್ರು ಬರ್ಲಿ,” ಎಂದರು. “ಆಮ್ಯಾಲೆ ನೋಡಾನ.”

ಕಾಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಂಡನ ಎರಡು ತೋಳಿನ ಕೆಳಗೆ ಕೈ ಹಾಕಿ ಎಬ್ಬಿಸಿ, ಬೆನ್ನಿಗೆ ಅಂಗೈ ಕೊಟ್ಟು, ಗೇಟಿನೊಳಕ್ಕೆ ನೂಕಿದರು.

“ಒಳಗೆ ನಡೀರಿ. ಇನ್ನೂ ಜಾಗ ಐತೆ, ಒಳಗೆ ನಡೀರಿ.”